ಓಡಾಟವಿಲ್ಲದ ದಾರಿಯೂ ಬಿರಿಯುತ್ತದೆ

ಅಮೆರಿಕದ ಮಿನೆಸೋಟ, ಮಿಷಿಗನ್ ಕಡೆ ಮಕ್ಕಳ ಮನೆಗೆ ಹೋಗಿ ಕೆಲವು ತಿಂಗಳು ಇದ್ದು ಬಂದ ಹಿರಿಯರು ಅಲ್ಲಿನ ಡ್ರೈವ್‌ವೇಗಳನ್ನು ನೋಡಿರುತ್ತಾರೆ. ಬೀದಿಯಿಂದ ಗ್ಯಾರೇಜಿನ ಬಾಗಿಲವರೆಗೆ ಡಾಂಬರು ಹಾಸಿದ ಮನೆಯ ಸ್ವಂತ ದಾರಿ ಅದು. ದಿನಕ್ಕೆ ಒಂದೆರಡು ಸಲ ಮನೆಯವರ ಕಾರು ಹೋಗಿ ಬರುತ್ತದೆ, ಬೇಸಿಗೆಯಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಾರೆ, ಅಷ್ಟೇ. ಮರಳಿನ ಲಾರಿ ಇಲ್ಲ, ಕಬ್ಬಿನ ಟ್ರ್ಯಾಕ್ಟರ್ ಇಲ್ಲ, ಬಸ್ಸೂ ಇಲ್ಲ. ಆದರೂ ಹಾಕಿಸಿದ ವರ್ಷ ಕಪ್ಪಗೆ ಮಿರುಗುತ್ತಿದ್ದ ದಾರಿ ಕೆಲವೇ ವರ್ಷಗಳಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮೊದಲು ಕೂದಲೆಳೆಯಂಥ ಗೆರೆ ಕಾಣಿಸುತ್ತದೆ, ನಾಲ್ಕಾರು ಚಳಿಗಾಲ ಕಳೆಯುವಷ್ಟರಲ್ಲಿ ಅದೇ ಗೆರೆಯಲ್ಲಿ ಹುಲ್ಲು ಮೊಳೆಯುತ್ತದೆ.

ನಮ್ಮೂರ ರಸ್ತೆ ಹಾಳಾದಾಗ ನಾವು ಮೊದಲು ಬೈಯುವುದು ಲಾರಿಯನ್ನು, ಆಮೇಲೆ ಗುತ್ತಿಗೆದಾರನನ್ನು. ಹಾಳು ಮಾಡುವುದರಲ್ಲಿ ಇಬ್ಬರಿಗೂ ಪಾಲಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಲಾರಿಯ ಗಾಲಿಯೇ ಸೋಕದ ಕಡೆ ಡಾಂಬರು ಯಾಕೆ ಒಡೆಯಿತು? ಈ ಪ್ರಶ್ನೆಯ ಜಾಡು ಹಿಡಿದು ಹೋದರೆ ನವಲಗುಂದ, ರೋಣ, ಸಿಂದಗಿಯ ರಸ್ತೆಗಳ ಕಷ್ಟವೂ ಬಿಡಿಸಿದಂತೆ ಅರ್ಥವಾಗುತ್ತದೆ. ಲಾರಿಯನ್ನು ಲೆಕ್ಕದಿಂದ ತೆಗೆದುಬಿಟ್ಟರೆ ಉಳಿಯುವುದು ಬಿಸಿಲು, ಗಾಳಿ, ಚಳಿ, ನೀರು ಮತ್ತು ಕೆಳಗಿನ ಮಣ್ಣು. ನಮ್ಮಲ್ಲಿ ಚರ್ಚೆಗೆ ಬಾರದೆ ತಪ್ಪಿಸಿಕೊಳ್ಳುವವೂ ಇವೇ.

ಡಾಂಬರು ರಸ್ತೆ ಎಂದರೂ ಅದರಲ್ಲಿ ಡಾಂಬರಿನ ಪಾಲು ಬಹಳ ಕಡಿಮೆ. ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ಜಲ್ಲಿ ಮತ್ತು ಕಲ್ಲಿನ ಪುಡಿ. ಉಳಿದ ಐದು ಪಾಲು ಮಾತ್ರ ಬಿಟುಮೆನ್, ಅಂದರೆ ಕಚ್ಚಾತೈಲದಿಂದ ಪೆಟ್ರೋಲು, ಡೀಸೆಲ್ಲು ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಅಂಟು. ಒಂದೊಂದು ಜಲ್ಲಿಯ ಮೈಗೂ ಕೂದಲಿಗಿಂತ ತೆಳುವಾದ ಪೊರೆಯಾಗಿ ಅದು ಹತ್ತಿಕೊಂಡಿರುತ್ತದೆ. ಇಡೀ ರಸ್ತೆಯನ್ನು ಹಿಡಿದಿಟ್ಟಿರುವುದು ಆ ಪೊರೆ.

ಈ ಅಂಟಿನ ಸ್ವಭಾವ ವಿಚಿತ್ರ. ಬೇಸಿಗೆಯಲ್ಲಿ ಜೋನಿ ಬೆಲ್ಲದಂತೆ ಎಳೆಯಾಗುತ್ತದೆ, ಕೊರೆಯುವ ಚಳಿಯಲ್ಲಿ ಸುತ್ತಿಗೆ ಏಟಿಗೆ ಚೂರಾಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ ಎಂಬ ಪ್ರಾಧ್ಯಾಪಕರು 1927ರಲ್ಲಿ ಇದೇ ಜಾತಿಯ ಪಿಚ್ ಎಂಬ ಕಪ್ಪು ರಾಳವನ್ನು ಕಾಯಿಸಿ ಗಾಜಿನ ಆಲಿಕೆಗೆ ಸುರಿದರು. 1930ರಲ್ಲಿ ಆಲಿಕೆಯ ತುದಿಯನ್ನು ಕತ್ತರಿಸಿ ತೊಟ್ಟಿಕ್ಕಲು ಬಿಟ್ಟರು. ಒಂಬತ್ತನೆಯ ಹನಿ ಬಿದ್ದದ್ದು 2014ರಲ್ಲಿ! ಮುಟ್ಟಿದರೆ ಕಲ್ಲಿನಷ್ಟು ಗಟ್ಟಿ, ಆದರೂ ಅದು ದ್ರವವೇ. ರಸ್ತೆಗೆ ಬೇಕಾದದ್ದೂ ಇದೇ ಗುಣ. ಹಿಗ್ಗಿದಾಗ, ಕುಗ್ಗಿದಾಗ, ಮೇಲೆ ಭಾರ ಬಿದ್ದಾಗ ಒಳಗೊಳಗೇ ಸ್ವಲ್ಪ ಹರಿದು ಒತ್ತಡವನ್ನು ಕಳೆದುಕೊಳ್ಳುವ ಶಕ್ತಿ ಅದಕ್ಕಿದೆ. ಆ ಶಕ್ತಿ ಇರುವವರೆಗೆ ರಸ್ತೆ ಬಿರಿಯುವುದಿಲ್ಲ.

ಅದು ಕುಂದುವುದು ಹುಟ್ಟಿದ ದಿನದಿಂದಲೇ. ಹಾಟ್ ಮಿಕ್ಸ್ ಪ್ಲಾಂಟಿನಲ್ಲಿ 150–165 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಜಲ್ಲಿಯೊಂದಿಗೆ ಬೆರೆಯುವಾಗ ಆ ತೆಳು ಪೊರೆಯ ಮೇಲೆ ಗಾಳಿಯ ಆಮ್ಲಜನಕ ದಾಳಿ ಮಾಡುತ್ತದೆ. ಪ್ಲಾಂಟಿನ ಆ ಕೆಲವು ನಿಮಿಷಗಳಲ್ಲಿ ಆಗುವಷ್ಟು ಮುಪ್ಪು ರಸ್ತೆಯಲ್ಲಿ ಆಗಬೇಕಾದರೆ ವರ್ಷಗಳೇ ಬೇಕು. ಪ್ರಯೋಗಾಲಯದಲ್ಲಿ ಇದನ್ನು ಅಳೆಯಲು 163 ಡಿಗ್ರಿಯ ಒಲೆಯಲ್ಲಿ ಬಿಟುಮೆನ್ನಿನ ತೆಳು ಪದರವನ್ನು 85 ನಿಮಿಷ ತಿರುಗಿಸುವ ಪರೀಕ್ಷೆಯೇ ಇದೆ. ರಸ್ತೆಗೆ ಬಿದ್ದ ಮೇಲೆ ಬಿಸಿಲು ಮತ್ತು ಗಾಳಿ ಆ ಕೆಲಸವನ್ನು ನಿಧಾನವಾಗಿ ಮುಂದುವರಿಸುತ್ತವೆ. ಬಿಟುಮೆನ್ನಿನೊಳಗಿನ ಎಣ್ಣೆಯಂಥ ಅಂಶ ಕಡಿಮೆಯಾಗಿ, ಗಟ್ಟಿ ಅಂಶ ಹೆಚ್ಚುತ್ತದೆ. ಮಿರುಗುವ ಕಪ್ಪು ಮಾಸಿ ಬೂದು ಬಣ್ಣ ಬರುವುದು ಇದರ ಹೊರಗುರುತು.

ಗಾಳಿ ಒಳಗೆ ಎಷ್ಟು ಹೋಗುತ್ತದೆ ಎಂಬುದು ರೋಲರ್ ಹೇಗೆ ಓಡಿತು ಎಂಬುದರ ಮೇಲಿದೆ. ಚೆನ್ನಾಗಿ ಒತ್ತಿದ ಡಾಂಬರಿನಲ್ಲಿ ನೂರಕ್ಕೆ ಏಳೆಂಟು ಪಾಲಿಗಿಂತ ಹೆಚ್ಚು ಟೊಳ್ಳು ಇರಬಾರದು. ಅದನ್ನು ದಾಟಿದರೆ ಟೊಳ್ಳುಗಳು ಒಂದಕ್ಕೊಂದು ಕೂಡಿಕೊಂಡು ಗಾಳಿಗೂ ನೀರಿಗೂ ದಾರಿಯಾಗುತ್ತವೆ. ನಮ್ಮಲ್ಲಿ ಹೆಚ್ಚು ಬಳಸುವ ವಿಜಿ-30 ದರ್ಜೆಯ ಬಿಟುಮೆನ್ನಾದರೆ ಮಿಶ್ರಣ ಸುಮಾರು 90 ಡಿಗ್ರಿಗೆ ಇಳಿಯುವ ಮೊದಲು ರೋಲರ್ ಕೆಲಸ ಮುಗಿದಿರಬೇಕು. ಪ್ಲಾಂಟ್ ದೂರ, ಲಾರಿಗೆ ತಾಡಪತ್ರಿ ಹೊದಿಸಿಲ್ಲ, ದಾರಿಯಲ್ಲಿ ಟ್ರಾಫಿಕ್, ಜೊತೆಗೆ ಸಂಜೆಯ ತಂಗಾಳಿ: ಇಷ್ಟು ಸಾಕು, ಮಿಶ್ರಣ ಆರಿಹೋಗುತ್ತದೆ. ಆಮೇಲೆ ರೋಲರ್ ಎಷ್ಟು ಸಲ ಹಾದರೂ ಮೇಲೆ ನುಣ್ಣಗೆ ಕಾಣುತ್ತದೆಯೇ ಹೊರತು ಒಳಗೆ ಕೂರುವುದಿಲ್ಲ. ಡ್ರೈವ್‌ವೇಯಂಥ ಸಣ್ಣ ಕೆಲಸದಲ್ಲಿ, ಐದರಿಂದ ಏಳು ಸೆಂಟಿಮೀಟರಿನ ತೆಳು ಪದರದಲ್ಲಿ, ಶಾಖ ಇನ್ನೂ ಬೇಗ ಹೋಗುತ್ತದೆ. ದೊಡ್ಡ ರೋಲರ್ ತಿರುಗಲು ಜಾಗವೂ ಇರುವುದಿಲ್ಲ.

ಇಲ್ಲಿ ಒಂದು ಸೋಜಿಗವಿದೆ. ಹದವಾದ ಓಡಾಟ ಡಾಂಬರಿಗೆ ಒಳ್ಳೆಯದು. ಬಿಸಿಲಿಗೆ ಮೆತ್ತಗಾದ ಮೇಲ್ಮೈಯನ್ನು ಗಾಲಿಗಳು ನಾದುತ್ತಾ ಹೋದರೆ ಆಗತಾನೆ ಹುಟ್ಟಿದ ಸೂಕ್ಷ್ಮ ಬಿರುಕುಗಳು ಮತ್ತೆ ಬೆಸೆದುಕೊಳ್ಳುತ್ತವೆ. ವಾಹನಗಳು ಹೆಚ್ಚು ಓಡಾಡದ ಪಾರ್ಕಿಂಗ್ ಜಾಗ, ಡ್ರೈವ್‌ವೇಗಳಿಗೆ ಈ ಭಾಗ್ಯವಿಲ್ಲ. ಅಲ್ಲಿ ಮುಪ್ಪಾದ ಡಾಂಬರು ಕುಗ್ಗಿ, ಹಾಸುಗಲ್ಲು ಜೋಡಿಸಿದ ಹಾಗೆ ದೊಡ್ಡ ದೊಡ್ಡ ಚೌಕಗಳಾಗಿ ಒಡೆಯುತ್ತದೆ. ಇಂಥ ಚೌಕ ಬಿರುಕು ಕಂಡರೆ ಅದಕ್ಕೆ ಭಾರ ಕಾರಣವಲ್ಲ, ಅಂಟು ಒಣಗಿದೆ ಎಂದು ತಿಳಿದವರು ಹೇಳುತ್ತಾರೆ.

ಚಳಿ ನಾಡಿನಲ್ಲಿ ಇದರ ಮೇಲೆ ಇನ್ನೊಂದು ಏಟು. ಡಾಂಬರಿನ ಮಿಶ್ರಣ ಉಳಿದ ವಸ್ತುಗಳಂತೆಯೇ ತಣಿದಾಗ ಕುಗ್ಗುತ್ತದೆ. ಹತ್ತು ಮೀಟರ್ ಉದ್ದದ ಡ್ರೈವ್‌ವೇ 50 ಡಿಗ್ರಿಯಷ್ಟು ತಣಿದರೆ ಒಂದು ಸೆಂಟಿಮೀಟರಿಗೂ ಹೆಚ್ಚು ಕುಗ್ಗಲು ನೋಡುತ್ತದೆ. ಆದರೆ ಕೆಳಗಿನ ಜಲ್ಲಿಗೆ ಕಚ್ಚಿಕೊಂಡಿರುವುದರಿಂದ ಕುಗ್ಗಲು ಬಿಡುವವರಿಲ್ಲ. ಬೆಚ್ಚಗಿದ್ದಾಗಲಾದರೆ ಒಳಗೊಳಗೇ ಹರಿದು ಸುಧಾರಿಸಿಕೊಳ್ಳುತ್ತಿತ್ತು. ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹರಿಯುವ ಶಕ್ತಿ ಎಲ್ಲಿಂದ ಬರಬೇಕು? ಅಡ್ಡಡ್ಡಲಾಗಿ, ಒಂದಿಷ್ಟು ದೂರಕ್ಕೊಂದರಂತೆ ಸೀಳುತ್ತದೆ. ಅದಕ್ಕೇ ಅಮೆರಿಕದಲ್ಲಿ ಬಿಟುಮೆನ್ನಿಗೆ ಎರಡು ಅಂಕಿಗಳ ಗುರುತು ಕೊಡುತ್ತಾರೆ. ಮಿನೆಸೋಟದಲ್ಲಿ ಬಳಸುವ 58–34 ಎಂಬ ದರ್ಜೆಯಲ್ಲಿ ಮೊದಲನೆಯದು ರಸ್ತೆ ತಾಳಬೇಕಾದ ಬಿಸಿ, ಎರಡನೆಯದು ಸೊನ್ನೆಗಿಂತ ಕೆಳಗೆ ತಾಳಬೇಕಾದ ಚಳಿ.

ಇನ್ನು ಕೆಳಗಿನ ಮಣ್ಣು ಹೆಪ್ಪುಗಟ್ಟುವ ಸಂಗತಿ. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಅದಕ್ಕೇ ರಸ್ತೆ ಉಬ್ಬುತ್ತದೆ ಎಂದು ಬಹುಕಾಲ ನಂಬಿದ್ದರು. ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಭೂವಿಜ್ಞಾನಿ ಸ್ಟೀಫನ್ ಟೇಬರ್ 1929–30ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ನಂಬಿಕೆಯನ್ನು ಮುರಿದವು. ಅವರು ಮಣ್ಣಿಗೆ ನೀರಿನ ಬದಲು ಬೆನ್ಜೀನ್ ಕುಡಿಸಿದರು. ಬೆನ್ಜೀನ್ ಹೆಪ್ಪುಗಟ್ಟುವಾಗ ಹಿಗ್ಗುವ ಬದಲು ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು! ಮಣ್ಣಿನಲ್ಲಿ ಹುಟ್ಟಿದ ಹೆಪ್ಪು ಕೆಳಗಿನಿಂದ ಮತ್ತಷ್ಟು ದ್ರವವನ್ನು ಎಳೆದುಕೊಳ್ಳುತ್ತಾ ಪದರಪದರವಾಗಿ ಬೆಳೆಯುತ್ತದೆ ಎಂಬುದು ಇದರಿಂದ ಸಾಬೀತಾಯಿತು. ನುಣುಪು ಮಣ್ಣು, ಹತ್ತಿರದಲ್ಲೇ ನೀರು, ದೀರ್ಘ ಚಳಿ ಮೂರೂ ಕೂಡಿದರೆ ಇಡೀ ಡ್ರೈವ್‌ವೇ ಮೇಲೇಳುತ್ತದೆ. ವಸಂತ ಬಂದಾಗ ಮೇಲಿನ ಮಂಜು ಮೊದಲು ಕರಗುತ್ತದೆ. ಕೆಳಗಿನದು ಇನ್ನೂ ಗಟ್ಟಿಯಾಗಿರುವುದರಿಂದ ಕರಗಿದ ನೀರಿಗೆ ಇಂಗುವ ದಾರಿಯಿಲ್ಲ. ಡಾಂಬರಿನ ಕೆಳಗೆ ಕೆಸರು. ಆ ಕೆಲವು ವಾರ ಮಿನೆಸೋಟ, ಮಿಷಿಗನ್ ರಾಜ್ಯಗಳು ಲಾರಿಗಳು ಹೊರಬಹುದಾದ ಭಾರವನ್ನು ಕಾನೂನಿನಿಂದಲೇ ತಗ್ಗಿಸುತ್ತವೆ.

ನಮ್ಮಲ್ಲಿ ಹಿಮವಿಲ್ಲ, ನಿಜ. ಆದರೆ ನೀರು ಕುಡಿದು ಉಬ್ಬುವ, ನೀರಾರಿದರೆ ಕುಗ್ಗುವ, ವರ್ಷಕ್ಕೊಮ್ಮೆ ರಸ್ತೆಯನ್ನು ಎತ್ತಿ ಇಳಿಸುವ ಮಣ್ಣು ನಮ್ಮಲ್ಲೂ ಇದೆ. ಅದು ಉತ್ತರ ಕರ್ನಾಟಕದ ಎರೆಮಣ್ಣು. ಜೋಳ, ಕಡಲೆ, ಹತ್ತಿಗೆ ಬಂಗಾರದಂಥ ಭೂಮಿ. ಇದು ಬಹುಮಟ್ಟಿಗೆ ದಖ್ಖನ್ನಿನ ಕಪ್ಪು ಬಸಾಲ್ಟ್ ಬಂಡೆ ಶಿಥಿಲವಾಗಿ ಆದ ಮಣ್ಣು. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಕಣಗಳು ಹಾಳೆಹಾಳೆಯಾಗಿದ್ದು, ಆ ಹಾಳೆಗಳ ನಡುವೆ ನೀರು ನುಗ್ಗಿದರೆ ಕಣವೇ ಉಬ್ಬುತ್ತದೆ. ಏಪ್ರಿಲ್ ಹೊತ್ತಿಗೆ ಹೊಲದಲ್ಲಿ ಕೈ ತೂರುವಷ್ಟು ಅಗಲದ ಬಿರುಕು ಬಿಡುವುದನ್ನು ಆ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಒಣಗಿದಾಗ ಗುದ್ದಲಿಗೂ ಬಗ್ಗದ ಈ ಮಣ್ಣು ನೆನೆದರೆ ಕಾಲು ಹೂತು ಚಪ್ಪಲಿ ಅಲ್ಲೇ ಉಳಿಯುತ್ತದೆ.

ಇಂಥ ನೆಲದ ಮೇಲೆ ಬೇಸಿಗೆಯಲ್ಲಿ ರಸ್ತೆ ಹಾಕುವಾಗ ಕೆಳಗಿನ ಮಣ್ಣು ಕಲ್ಲಿನಂತೆ ನಿಂತಿರುತ್ತದೆ. ನೋಡಿದವರಿಗೆ ಇನ್ನೇನು ಬೇಕು ಅನ್ನಿಸುತ್ತದೆ. ಎಂಜಿನಿಯರುಗಳು ಈ ಮೋಸಕ್ಕೆ ಬೀಳಬಾರದೆಂದೇ ಮಣ್ಣಿನ ತಾಕತ್ತನ್ನು ಅಳೆಯುವ ಸಿಬಿಆರ್ ಪರೀಕ್ಷೆಯಲ್ಲಿ ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿ ನೆನೆಸಿಟ್ಟು ಆಮೇಲೆ ಒತ್ತಿ ನೋಡುತ್ತಾರೆ. ಎರೆಮಣ್ಣಿಗೆ ಆಗ ಬರುವ ಅಂಕ ಸಾಮಾನ್ಯವಾಗಿ ನೂರಕ್ಕೆ ಎರಡು, ಮೂರು.

ಈ ಸೀಮೆಯ ರಸ್ತೆಯ ಬಿರುಕಿಗೆ ಒಂದು ಖಾಸಾ ಗುರುತಿದೆ. ಅಡ್ಡಲಾಗಿ ಅಲ್ಲ, ರಸ್ತೆಯ ಅಂಚಿನಿಂದ ಮೂರ್ನಾಲ್ಕು ಅಡಿ ಒಳಗೆ, ಅಂಚಿಗೆ ಸಮನಾಗಿ ಫರ್ಲಾಂಗುಗಟ್ಟಲೆ ಉದ್ದಕ್ಕೆ ಓಡುತ್ತದೆ. ಕಾರಣ ಸರಳ. ರಸ್ತೆಯ ನಡುಭಾಗದ ಕೆಳಗಿನ ಮಣ್ಣಿಗೆ ಡಾಂಬರೇ ಮುಚ್ಚಳ, ಅಲ್ಲಿನ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮನಿರುತ್ತದೆ. ಅಂಚಿನ ಮಣ್ಣು ಮಾತ್ರ ಮಳೆಗಾಲದಲ್ಲಿ ನೆಂದು ಉಬ್ಬುತ್ತದೆ, ಬೇಸಿಗೆಯಲ್ಲಿ ಆರಿ ಕುಗ್ಗುತ್ತದೆ. ನಡು ನಿಂತಲ್ಲೇ ನಿಂತು ಅಂಚು ಏರಿಳಿಯುವಾಗ ಎರಡರ ನಡುವಿನ ಗಡಿಯಲ್ಲಿ ಡಾಂಬರು ಸೀಳುತ್ತದೆ. ರಸ್ತೆ ಬದಿಯ ದೊಡ್ಡ ಮರ ಬೇರಿನಿಂದ ನೀರು ಹೀರಿದರೆ ಆ ಜಾಗದಲ್ಲಿ ಬಿರುಕು ಇನ್ನಷ್ಟು ಬಾಯಿ ಬಿಡುತ್ತದೆ. ಹಾಗೆಂದು ಮರ ಕಡಿಯಬೇಕು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮರಗಳನ್ನು ಉಳಿಸಿಕೊಂಡೇ ರಸ್ತೆಯ ತಳಪಾಯ ಮಾಡುವ ವಿದ್ಯೆ ನಮ್ಮಲ್ಲಿದೆ.

ಆ ವಿದ್ಯೆಗೆ ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿಯವರ ಹೆಸರು ಅಂಟಿಕೊಂಡಿದೆ. ಎರೆಮಣ್ಣಿನ ಮೇಲೆ ಉಬ್ಬದ, ಆದರೆ ಅಂಟುಗುಣವಿರುವ ಮಣ್ಣಿನ ದಪ್ಪ ಪದರ ಹಾಸಿದರೆ ಕೆಳಗಿನ ಉಬ್ಬರ ಅಡಗುತ್ತದೆ ಎಂದು ಅವರು ಪ್ರಯೋಗ ಮಾಡಿ ತೋರಿಸಿದರು. ಕಾಲುವೆಗಳ ಲೈನಿಂಗಿನಲ್ಲೂ ಈ ವಿಧಾನ ಬಳಕೆಗೆ ಬಂತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯೂ ಉಬ್ಬುವ ಮಣ್ಣಿನ ಮೇಲೆ 60 ಸೆಂಟಿಮೀಟರಿನಿಂದ ಒಂದು ಮೀಟರಿನಷ್ಟು ಉಬ್ಬದ ಮಣ್ಣು ಹಾಸಬೇಕೆನ್ನುತ್ತದೆ. ಅಷ್ಟು ಉಬ್ಬದ ಮಣ್ಣು ಹತ್ತಿರದಲ್ಲಿ ಸಿಗದಿದ್ದರೆ ಎರೆಮಣ್ಣಿಗೇ ನೂರಕ್ಕೆ ಮೂರರಿಂದ ಐದು ಪಾಲು ಸುಣ್ಣ ಬೆರೆಸಿ ಅದರ ಉಬ್ಬುವ ಗುಣವನ್ನು ಮುರಿಯಬಹುದು. ಎರಡೂ ಹೊಸ ವಿದ್ಯೆಗಳಲ್ಲ. ಎರಡೂ ಖರ್ಚಿನ ಕೆಲಸ, ಎರಡೂ ರಸ್ತೆ ಉದ್ಘಾಟನೆಯ ದಿನ ಕಣ್ಣಿಗೆ ಕಾಣುವುದಿಲ್ಲ. ಹಣ ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಇಂಥವಕ್ಕೇ, ಇದು ನನಗೆ ತುಂಬ ನೋವಿನ ಸಂಗತಿ.

ಈಗ ಲಾರಿಯನ್ನು ಲೆಕ್ಕಕ್ಕೆ ತರಬಹುದು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಊರಿನ ಬಳಿ ಸುತ್ತು ರಸ್ತೆಗಳನ್ನೇ ಕಟ್ಟಿ, ಸೈನಿಕರಿಂದ ಹಗಲೂ ರಾತ್ರಿ ಲಾರಿ ಓಡಿಸಿ ನೋಡಿದರು. ಆ ಪರೀಕ್ಷೆಯಿಂದ ಹೊರಟ ಸೂತ್ರವನ್ನು ರಸ್ತೆ ಎಂಜಿನಿಯರುಗಳು ಇಂದಿಗೂ ನೆನೆಯುತ್ತಾರೆ. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಒಂದು ಟನ್ನಿನ ಅಚ್ಚಿನ ಎದುರು ಹತ್ತು ಟನ್ನಿನ ಅಚ್ಚು ಮಾಡುವ ಹಾನಿ ಹತ್ತು ಸಾವಿರ ಪಟ್ಟು. ಮಿತಿಗಿಂತ ಬರೀ ಐದರಲ್ಲೊಂದು ಪಾಲು ಹೆಚ್ಚು ಹೇರಿದರೂ ಹಾನಿ ದುಪ್ಪಟ್ಟಾಗುತ್ತದೆ. 2000ರ ದಶಕದಲ್ಲಿ ಸಂಡೂರು, ಹೊಸಪೇಟೆ ಕಡೆ ಅದಿರಿನ ಲಾರಿಗಳ ಹಿಂದೆ ಪ್ರಯಾಣ ಮಾಡಿದವರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ ತೋರಿಸಬೇಕಿಲ್ಲ. ಭಾರತದಲ್ಲಿ 2018ರಲ್ಲಿ ನಾಲ್ಕು ಗಾಲಿಯ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಲಾಯಿತು. ಹಳೆಯ ಮಿತಿಗೆ ತಕ್ಕಂತೆ ಕಟ್ಟಿದ ರಸ್ತೆಗಳು ಈಗ ಹೊಸ ಭಾರ ಹೊರುತ್ತಿವೆ.

ಗಾಲಿ ಮೇಲೆ ಹಾದಾಗ ಡಾಂಬರಿನ ಪದರ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಲಕ್ಷಾಂತರ ಸಲ ಹಿಗ್ಗಿ ಹಿಗ್ಗಿ ಕೆಳಮೈಯಲ್ಲಿ ಮೊದಲ ಸೀಳು ಹುಟ್ಟಿ, ಅಲ್ಲಿಂದ ಮೇಲಕ್ಕೆ ಹತ್ತುತ್ತದೆ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಇಡೀ ಪದರವನ್ನು ದಾಟಿ ಬಂದಿರುತ್ತದೆ. ಕೆಳಗಿನ ಮಣ್ಣು ಮೆತ್ತಗಿದ್ದಷ್ಟೂ ಬಾಗುವುದು ಹೆಚ್ಚು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಬ್ಬಿನ ಸೀಮೆಯಲ್ಲಿ ಕಾರ್ಖಾನೆಗಳು ಅರೆಯಲು ಶುರು ಮಾಡುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಹಿಂಗಾರು ಆಗಷ್ಟೇ ಸುರಿದಿರುತ್ತದೆ, ಎರೆಮಣ್ಣಿನ ತೇವ ಇಳಿದಿರುವುದಿಲ್ಲ. ನೆಲ ಅತಿ ಮೆತ್ತಗಿರುವಾಗಲೇ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಕರಗುವ ಹಿಮದ ವಾರಗಳಲ್ಲಿ ಮಿನೆಸೋಟದವರು ತಡೆಯುವ ಭಾರವನ್ನು ನಮ್ಮ ರಸ್ತೆಗಳು ಅಂಥದೇ ಹೊತ್ತಿನಲ್ಲಿ ಹೊರಬೇಕಾಗುತ್ತದೆ. ರೈತ ಕಬ್ಬನ್ನು ಹೊಲದಲ್ಲಿ ಒಣಗಿಸಲಾರ, ತಪ್ಪು ಅವನದಲ್ಲ. ಆ ಭಾರ, ಆ ತೇವ ಎರಡನ್ನೂ ಗಣನೆಗೆ ತೆಗೆದುಕೊಂಡು ರಸ್ತೆ ಕಟ್ಟಬೇಕು.

ಭಾರದಿಂದ ದಣಿದ ರಸ್ತೆಯಲ್ಲಿ ಗಾಲಿ ಓಡುವ ಪಟ್ಟಿಯಲ್ಲೇ ಬಿರುಕುಗಳು ಒಂದಕ್ಕೊಂದು ಹೆಣೆದುಕೊಂಡು ಅಂಗೈಯಗಲದ ತುಂಡುಗಳಾಗುತ್ತವೆ. ಎಂಜಿನಿಯರುಗಳು ಇದಕ್ಕೆ ಮೊಸಳೆ ಚರ್ಮ ಎನ್ನುತ್ತಾರೆ. ಮಳೆ ನಿಂತು ಒಂದು ತಾಸಾದ ಮೇಲೆ ಅಂಥ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಬೇಕು. ಸುತ್ತಲಿನ ರಸ್ತೆ ಆರಿರುತ್ತದೆ, ಬಿರುಕಿನ ಗೆರೆಗಳು ಮಾತ್ರ ಒದ್ದೆಯಾಗಿ ಬಲೆ ಬಿಡಿಸಿದಂತೆ ಕಾಣುತ್ತವೆ. ಭಾರದ ಗಾಡಿಯೊಂದು ಹಾದಾಗ ಆ ಗೆರೆಗಳಿಂದ ಕೆಸರು ನೀರು ಪುಳಕ್ಕನೆ ಮೇಲೆ ಚಿಮ್ಮುತ್ತದೆ. ಆರಿದ ಮೇಲೆ ಬಿರುಕಿನ ಎರಡೂ ಬದಿಗೆ ನುಣುಪಾದ ಮಣ್ಣಿನ ಅಂಚು ಉಳಿಯುತ್ತದೆ. ಆ ಮಣ್ಣು ಮೇಲಿನಿಂದ ಗಾಳಿ ತಂದು ಹಾಕಿದ್ದಲ್ಲ. ರಸ್ತೆಯ ತಳಪಾಯವೇ ಚಿಟಿಕೆ ಚಿಟಿಕೆಯಾಗಿ ಹೊರಬರುತ್ತಿರುತ್ತದೆ. ಕೆಲ ಮಳೆಗಳಲ್ಲಿ ಅಲ್ಲೇ ಗುಂಡಿ.

ನೀರು ಡಾಂಬರಿನ ಒಳಗೂ ಕೆಲಸ ಮಾಡುತ್ತದೆ. ಜಲ್ಲಿಯ ಕಲ್ಲಿಗೆ ಬಿಟುಮೆನ್ನಿಗಿಂತ ನೀರಿನ ಮೇಲೆ ಒಲವು ಹೆಚ್ಚಿದ್ದರೆ, ನೀರು ಪೊರೆಯ ಕೆಳಗೆ ನುಸುಳಿ ಅದನ್ನು ಕಲ್ಲಿನಿಂದ ಬಿಡಿಸುತ್ತದೆ. ಸಿಲಿಕಾ ಹೆಚ್ಚಿರುವ ಗ್ರಾನೈಟ್, ನೈಸ್ ಕಲ್ಲುಗಳದ್ದು ಈ ಸ್ವಭಾವ, ಬಸಾಲ್ಟಿಗೆ ಅಷ್ಟಿಲ್ಲ. ಅಂದರೆ ವಿಜಯಪುರ, ಬೆಳಗಾವಿಯ ಬಸಾಲ್ಟ್ ಸೀಮೆಯಲ್ಲಿ ಕಲ್ಲು ಒಳ್ಳೆಯದು, ಮಣ್ಣು ಕಷ್ಟದ್ದು. ಬೆಂಗಳೂರು, ತುಮಕೂರು, ಕೋಲಾರದಲ್ಲಿ ಮಣ್ಣು ಗಟ್ಟಿ, ಕಲ್ಲು ನೀರಿಗೆ ಒಲಿಯುವಂಥದ್ದು. ಜಲ್ಲಿಗೆ ಬಿಟುಮೆನ್ ಲೇಪಿಸಿ 40 ಡಿಗ್ರಿಯ ನೀರಿನಲ್ಲಿ 24 ತಾಸು ಮುಳುಗಿಸಿಟ್ಟು ಎಷ್ಟು ಭಾಗ ಬೆತ್ತಲಾಯಿತೆಂದು ನೋಡುವ ಸುಲಭ ಪರೀಕ್ಷೆಯಿದೆ. ಫಲಿತಾಂಶ ಸರಿಯಿಲ್ಲದಿದ್ದರೆ ಮಿಶ್ರಣಕ್ಕೆ ಸುಣ್ಣದ ಪುಡಿಯನ್ನೋ ಬೇರೆ ರಾಸಾಯನಿಕವನ್ನೋ ಸೇರಿಸಿದರೆ ಹಿಡಿತ ಹೆಚ್ಚುತ್ತದೆ.

ಬೆಂಗಳೂರಿನ ಬೀದಿಗಳಲ್ಲಿ ಇನ್ನೊಂದು ಬಗೆಯ ಬಿರುಕು ಸಾಮಾನ್ಯ. ಕೇಬಲ್ಲಿಗೋ ನೀರಿನ ಪೈಪಿಗೋ ಅಗೆದು ಮುಚ್ಚಿದ ಕಾಲುವೆಯ ಎರಡೂ ಅಂಚಿನಲ್ಲಿ ಗೆರೆ ಎಳೆದಂತೆ ಬಿರುಕು ಏಳುತ್ತದೆ. ಅಗೆದ ಮಣ್ಣನ್ನು ಪದರಪದರವಾಗಿ ದಮ್ಮಸು ಮಾಡದೆ ತುಂಬಿದರೆ ಅದು ಕುಸಿಯುತ್ತದೆ. ಅದರ ಮೇಲೆ ಹೊಸ ಡಾಂಬರು ಹಾಕಿ ಮುಚ್ಚಿದರೂ ಕೆಳಗಿನ ಹಳೆಯ ಬಿರುಕು ವರ್ಷ ಒಪ್ಪತ್ತಿನಲ್ಲಿ ಹೊಸ ಪದರವನ್ನೂ ಸೀಳಿ ಮೇಲೆ ಬರುತ್ತದೆ.

ಅಮೆರಿಕದಲ್ಲಿ ಡ್ರೈವ್‌ವೇಗೆ ಎರಡು ಮೂರು ವರ್ಷಕ್ಕೊಮ್ಮೆ ಕಪ್ಪು ಲೇಪ ಬಳಿಸುವ ರೂಢಿಯಿದೆ. ಬಿಸಿಲು, ಗಾಳಿಯಿಂದ ಮೇಲ್ಮೈಯನ್ನು ಅದು ಸ್ವಲ್ಪ ಕಾಯುತ್ತದೆ, ಬಿರುಕನ್ನು ಮುಚ್ಚುವ ಶಕ್ತಿ ಅದಕ್ಕಿಲ್ಲ. ಕಲ್ಲಿದ್ದಲಿನ ಟಾರಿನಿಂದ ಮಾಡಿದ ಲೇಪಗಳು ಮಳೆಯಲ್ಲಿ ತೊಳೆದುಹೋಗಿ ಹಳ್ಳಕೊಳ್ಳಗಳಿಗೆ ವಿಷ ಸೇರಿಸುತ್ತವೆಂದು ಟೆಕ್ಸಸ್ಸಿನ ಆಸ್ಟಿನ್ ನಗರ 2006ರಲ್ಲಿ ಅವನ್ನು ನಿಷೇಧಿಸಿತು, ಮುಂದೆ ವಾಷಿಂಗ್ಟನ್, ಮಿನೆಸೋಟ ರಾಜ್ಯಗಳೂ ಅದೇ ಹಾದಿ ಹಿಡಿದವು. ಬಿರುಕಿಗೆ ಮದ್ದು ಬೇರೆ. ಅದರೊಳಗಿನ ಕಸ, ಮಣ್ಣು, ಹುಲ್ಲನ್ನು ಪೂರ್ತಿ ತೆಗೆದು, ಒಣಗಿಸಿ, ರಬ್ಬರು ಬೆರೆತ ಬಿಸಿ ಬಿಟುಮೆನ್ ತುಂಬಬೇಕು. ಬಿರುಕು ಸಣ್ಣದಿದ್ದಾಗ ಇದು ಬಹಳ ಅಗ್ಗದ ಕೆಲಸ. ಮೊಸಳೆ ಚರ್ಮ ಕಾಣಿಸಿಕೊಂಡ ಮೇಲೆ ಏನು ತುಂಬಿದರೂ ಪ್ರಯೋಜನವಿಲ್ಲ. ಅಷ್ಟು ಜಾಗವನ್ನು ತಳಪಾಯದವರೆಗೆ ಕಿತ್ತು ಹೊಸದಾಗಿ ಕಟ್ಟಬೇಕು. ನಮ್ಮಲ್ಲಿ ಬಿರುಕಿದ್ದಾಗ ಯಾರೂ ತಿರುಗಿ ನೋಡುವುದಿಲ್ಲ, ಗುಂಡಿಯಾದ ಮೇಲೆ ಮಳೆಯಲ್ಲೇ ಜಲ್ಲಿ ಸುರಿದು ತೇಪೆ ಹಾಕುತ್ತಾರೆ. ಸ್ಕೂಟರಿನಲ್ಲಿ ಹೋಗುವ ಎಷ್ಟೋ ಜನ ಆ ಗುಂಡಿಗಳಿಗೆ ಬಿದ್ದು ಜೀವ ಕಳೆದುಕೊಂಡಿದ್ದಾರೆ. ಬಿರುಕಿನ ವಿಷಯ ಬರೀ ಎಂಜಿನಿಯರುಗಳ ವಿಷಯವಲ್ಲ ಎಂದು ನಾನು ಹೇಳುವುದು ಇದಕ್ಕೇ.

ಎಲ್ಲಕ್ಕಿಂತ ಹೆಚ್ಚಿನ ಫಲ ಕೊಡುವುದು ನೀರನ್ನು ಹೊರಗೆ ಕಳಿಸುವ ಏರ್ಪಾಟು. ರಸ್ತೆಯ ಬೆನ್ನು ನಡುವೆ ಎತ್ತರವಿದ್ದು ಎರಡೂ ಬದಿಗೆ ನೂರಕ್ಕೆ ಎರಡರಷ್ಟಾದರೂ ಇಳುಕಲಿರಬೇಕು. ಡಾಂಬರಿನ ಕೆಳಗಿನ ಜಲ್ಲಿಯ ಪದರವನ್ನು ಡಾಂಬರಿನ ಅಂಚಿಗೇ ನಿಲ್ಲಿಸದೆ ಬದಿಯ ಗಟಾರದವರೆಗೂ ಹಾಸಬೇಕು. ಅಂಚಿಗೇ ನಿಲ್ಲಿಸಿ ಬದಿಗೆ ಎರೆಮಣ್ಣು ಒತ್ತಿಬಿಟ್ಟರೆ ಒಳಗೆ ಇಳಿದ ನೀರಿಗೆ ಹೊರಬರುವ ದಾರಿಯೇ ಇರುವುದಿಲ್ಲ. ಇಷ್ಟು ಮಾಡಿದರೂ ಗಟಾರ ತೆರೆದಿರಬೇಕು. ಹಳ್ಳಿಯ ಕಡೆ ಹೊಲ ಮುಂದೊತ್ತಿ ಗಟಾರ ಮಾಯವಾಗಿರುತ್ತದೆ, ಊರೊಳಗೆ ಅಂಗಡಿಗೆ ಹತ್ತಲು ಹಾಕಿದ ಚಪ್ಪಡಿ, ಕಸ, ಹೂಳು ಅದನ್ನು ಮುಚ್ಚಿರುತ್ತವೆ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಪದರದ ಮೇಲೆ ಪದರ ಹಾಕುತ್ತಾ ಹೋದ ಬೀದಿಗಳಲ್ಲಿ ರಸ್ತೆಯೇ ಮನೆಯ ಹೊಸ್ತಿಲಿಗಿಂತ ಎತ್ತರವಾಗಿ, ನೀರು ಎತ್ತ ಹೋಗಬೇಕೆಂದು ತೋಚದೆ ನಿಲ್ಲುತ್ತದೆ.

ಹಿಂಗಾರು ಮುಗಿದ ಮೇಲೆ ಪ್ರತಿ ಪಂಚಾಯಿತಿಯಲ್ಲೂ, ವಾರ್ಡಿನಲ್ಲೂ ರಸ್ತೆ ಕಾಮಗಾರಿಯ ಅಂದಾಜುಪಟ್ಟಿ ತಯಾರಾಗುತ್ತದೆ. ಅದನ್ನು ಕೇಳಿ ಪಡೆದು ಓದುವ ಹಕ್ಕು ನಮಗಿದೆ. ಡಾಂಬರಿನ ದಪ್ಪ ಎಷ್ಟು ಎಂದು ನೋಡುವ ಮೊದಲು ಗಟಾರ, ಮೋರಿಗಳಿಗೆ ಎಷ್ಟು ಹಣ ಇಟ್ಟಿದ್ದಾರೆ, ಮಣ್ಣಿನ ಪರೀಕ್ಷೆಯ ಅಂಕ ಎಷ್ಟು, ಏಪ್ರಿಲ್‌ನಲ್ಲಿ ಬಿರುಕು ತುಂಬುವ ಕೆಲಸಕ್ಕೆ ಒಂದು ಸಾಲಾದರೂ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಕೆಲಸ ಶುರುವಾಗುವ ಮುಂಚೆಯೇ ಗ್ರಾಮಸಭೆಯಲ್ಲಿ ಎದ್ದು ನಿಂತು ಸೇರಿಸಿ ಎಂದು ಕೇಳಬೇಕು.